ಉದ್ರಿ

ನನ್ನ ಅಂಗಡಿಯಲ್ಲಿ ಎರಡು ಪುಸ್ತಕ.
ಒಂದು ಸತ್ಯವೇದ, ಹುಮನಾಬಾದಿನಿಂದ ಅತ್ತೆ ತಂದದ್ದು,
ಬೆನ್ನಿಗೆ ಕಪ್ಪು ಟೇಪು, ಪ್ರಸಂಗಿಯ ಹಾಳೆಗಳಲ್ಲಿ ಬೆಳ್ಳಿಹುಳದ ತೂತು.
ಇನ್ನೊಂದು ಉದ್ರಿ ಬುಕ್ಕು, ಕೆಂಪು ರಟ್ಟು,
ದಾರಕ್ಕೆ ಕಟ್ಟಿದ ಪೆನ್ನು.
ಒಂದೇ ಹಲಗೆಯ ಮೇಲೆ, ಚಹಾಪುಡಿ ಡಬ್ಬಿಯ ಪಕ್ಕ,
ಮೂವತ್ತು ವರ್ಷ ಒಂದಕ್ಕೊಂದು ತಾಗಿಕೊಂಡೇ ಇದ್ದವು.
ಮಾತಾಡಿರಲಿಲ್ಲ.

ಗುರುವಾರ ದಾಪೋಡಿಯ ನಮ್ಮ ಖೋಲಿಯಲ್ಲಿ ವಾಕ್ಯದ ಕೂಟ.
ಲೋಕಲ್ ಬಂದಾಗ ಪಾಸ್ಟರ್ ತಿಮೊಥಿ ನಿಲ್ಲಿಸುತ್ತಾರೆ,
ಗೋಡೆ ನಡುಗಿ ಮುಗಿದ ಮೇಲೆ ಅದೇ ವಚನದಿಂದ ಮತ್ತೆ.
"ತಿಳಕೊಂಡದ್ದು ಸಾಕು, ಮಾಡಿದ್ದೇನು ಹೇಳ್ರಿ" ಎಂದರೆ
ಎಲ್ಲರೂ ಚಾಪೆಯ ಅಂಚು ಕೀಳುತ್ತ ಕೂರುತ್ತೇವೆ.
ನಾನು ಹೇಳುತ್ತಿದ್ದೆ: ನಾದಿನಿಯನ್ನು ಕ್ಷಮಿಸಿದೆ.
ಪ್ರತಿ ವರ್ಷ ಅದೇ ನಾದಿನಿ.

ಕನ್ನಡದಲ್ಲಿ ನಾವು ದಿನಾ ಬೇಡುವುದು ತಪ್ಪುಗಳ ಬಗ್ಗೆ.
ತಪ್ಪು ಹಗುರ. ಅದಕ್ಕೆ ಕಿಲೋ ಇಲ್ಲ, ತಾರೀಖಿಲ್ಲ.
ಅತ್ತೆ ಬೈದದ್ದು, ನೆರೆಯವಳು ನಕ್ಕದ್ದು,
ಹಲ್ಲು ಕಚ್ಚಿ ಬಿಟ್ಟುಕೊಟ್ಟರೂ
ಗಲ್ಲಾಪೆಟ್ಟಿಗೆಯಲ್ಲಿ ಒಂದು ಪೈಸೆ ಕದಲುವುದಿಲ್ಲ.

ಹೋದ ಜುಲೈನಲ್ಲಿ ಖಡಕಿಗೆ ಮಣ್ಣಿಗೆ ಹೋಗಿದ್ದೆ,
ಮರಾಠಿ ಚರ್ಚಿನವರು.
ಗುಂಡಿಯ ಅಂಚಿನಲ್ಲಿ ನಿಂತು ಎಲ್ಲರ ಜತೆ ಅದೇ ಪ್ರಾರ್ಥನೆ,
ನನ್ನ ಬಾಯಿ ಕನ್ನಡದಲ್ಲಿ, ಕಿವಿ ಮರಾಠಿಯಲ್ಲಿ.
ನಾನು ತಪ್ಪು ಎಂದಾಗ ಅವರು ಋಣ ಎಂದರು.
ಋಣ.
ಛತ್ರಿಯ ನೀರು ಕಾಲ ಮೇಲೆ ಇಳಿಯುತ್ತಿತ್ತು.
ನನಗೆ ದೇವರು ಕಾಣಲಿಲ್ಲ, ಹೌಸಾಬಾಯಿಯ ಪುಟ ಕಂಡಿತು:
ಅಕ್ಕಿ, ಎಣ್ಣೆ, ಸೋಪು, ಮತ್ತೆ ಎಣ್ಣೆ,
ಮಗನ ಜ್ವರಕ್ಕೆ ಗ್ಲೂಕೋಸು,
ಒಟ್ಟು ನಾಲ್ಕು ಸಾವಿರದ ಮುನ್ನೂರ ಇಪ್ಪತ್ತು.

ರಾತ್ರಿ ಪಾಸ್ಟರಿಗೆ ಫೋನು ಹಚ್ಚಿದೆ. ಮೂಲದಲ್ಲಿ ಏನಿದೆ?
"ಮೂಲದಾಗ ಸಾಲ ಅಂತನೇ ಅದ, ಅಕ್ಕಾ. ಆದ್ರ ಅದರ ಅರ್ಥ..."
ಇಟ್ಟುಬಿಟ್ಟೆ.
ಅರ್ಥವೆಂಬ ಕೋಣೆಗೆ ಹಿಂಬಾಗಿಲು ಇರುತ್ತದೆ, ನನಗೆ ಗೊತ್ತು,
ಎಷ್ಟೋ ಸಲ ಅಲ್ಲಿಂದಲೇ ಹೊರಬಿದ್ದಿದ್ದೇನೆ.
ಪುಟದ ಮೇಲೆ ಅಡ್ಡ ಗೆರೆ ಎಳೆದೆ.
ನೆಟ್ಟಗೆ ಬರಲಿಲ್ಲ. ನಾಲ್ಕು ಸಾವಿರ ಅಂದರೆ ನನಗೂ ನಾಲ್ಕು ಸಾವಿರವೇ.
ಗಂಡ ಹೊರಳಿ, ಲೈಟ್ ಆರಿಸು ಎಂದ,
ದೇವರ ಕೆಲಸವೂ ಕರೆಂಟು ತಿನ್ನುತ್ತದೆ.

ಮರುದಿನವೂ ಹೌಸಾಬಾಯಿ ನನ್ನ ಅಂಗಡಿ ತಪ್ಪಿಸಿ
ಗಟಾರದ ಆಚೆಯಿಂದ ಸುತ್ತಿ ಹೋದಳು,
ತಲೆಯ ಮೇಲೆ ಸೆರಗು, ಕೈಯಲ್ಲಿ ಬೇರೆ ಅಂಗಡಿಯ ಚೀಲ.
ಅವಳಿಗೇನು ಗೊತ್ತು?
ಗೆರೆ ನನ್ನ ಬುಕ್ಕಿನಲ್ಲಿತ್ತು, ಸಾಲ ಅವಳ ಕಾಲಲ್ಲಿತ್ತು.

ಹಾಗಾಗಿ ಹೋದೆ. ಸುಳ್ಳೇಕೆ, ಬುಕ್ಕನ್ನೂ ಒಯ್ದೆ,
ಗೆರೆ ತೋರಿಸಬೇಕಿತ್ತಲ್ಲ.
ಓದಲು ಬಾರದ ಹೌಸಾಬಾಯಿ
ಆ ಗೆರೆಯನ್ನು ಬಹಳ ಹೊತ್ತು ಓದಿದಳು.
"ನಾ ಕೊಡೂದಿಲ್ಲ ಅಂತ ಯಾರು ಹೇಳಿದರು, ಸಲೋಮಿ ಮಾವಶಿ?
ನಾ ಇನ್ನಾ ಸತ್ತಿಲ್ಲ."
ಅರಿಶಿನ ಡಬ್ಬಿಯ ತಳದಿಂದ ಇನ್ನೂರು ತೆಗೆದು
ನನ್ನ ಅಂಗೈಗಿಟ್ಟು, ಬೆರಳುಗಳನ್ನು ತಾನೇ ಮಡಚಿದಳು.
ಆಮೇಲೆ ಚಹಾ ಕೊಟ್ಟಳು.
ಸಕ್ಕರೆ ಜಾಸ್ತಿ. ಸಕ್ಕರೆ ನನ್ನ ಅಂಗಡಿಯದಲ್ಲ.
ಕುಡಿದೆ.

ಆ ನೋಟು ಹಳದಿ ಕಲೆಯೊಂದಿಗೆ ಇನ್ನೂ ನನ್ನ ಬಳಿ ಇದೆ.
ಯಾವ ಪುಟಕ್ಕೆ ಬರೆಯಲಿ?
ಹೊಡೆದುಹಾಕಿದ ಲೆಕ್ಕಕ್ಕೆ ಜಮಾ ಬರೆಯಲು ಜಾಗವಿಲ್ಲ.
ಗುರುವಾರ ಕೇಳಿದರೆ ಇಷ್ಟೇ ಹೇಳಬಲ್ಲೆ:
ಆ ಮಾತು ನನಗಿನ್ನೂ ಪೂರ್ತಿ ತಿಳಿದಿಲ್ಲ, ಪಾಸ್ಟರೇ,
ಅದರ ವಿಳಾಸ ಮಾತ್ರ ಗೊತ್ತು,
ಮೂರನೇ ಗಲ್ಲಿ, ನೀಲಿ ಡ್ರಮ್ಮಿನ ಪಕ್ಕದ ಬಾಗಿಲು.
ಮುಂದಿನ ಸಲ ಬುಕ್ಕು ಒಯ್ಯುವುದಿಲ್ಲ.